ಪುಟ್ಟತಾಯಮ್ಮ ಮಾಡಿಸಿದ ಮದುವೆ

ಫೆಬ್ರವರಿ ೩೦, ೨೧೮೯
ಗಾಣಿಗರ ಬೀದಿ, ಹುಣಸೂರು

ಎದುರುಮನೆಯ ಪುಟ್ಟತಾಯಮ್ಮನವರಿಗೆ,

ಮೇಲಿನ ತಾರೀಖು ನೋಡಿ ಕನ್ನಡಕ ಒರೆಸಿಕೊಳ್ಳಬೇಡಿ. ಅರ್ಜಿ ಹಾಕುವವರಿಗೆ ಎರಡು ದಿನ ಹೆಚ್ಚು ಸಿಗಲಿ ಎಂದು ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಮಾಡಿದ್ದಾರೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಅದೊಂದಕ್ಕೇ. ಮಿಕ್ಕಿದ್ದಕ್ಕೆಲ್ಲ ಕೇಳಬೇಕಾದವರು ನೀವು.

ನನ್ನ ಹೆಸರು ಇಬ್ಬನಿ. ನಿಮ್ಮ ಎದುರುಮನೆಯ ತಾರಸಿಯ ಮೇಲೆ ಈಗ ಬಟ್ಟೆ ಒಣಹಾಕುತ್ತಿದ್ದಾಳಲ್ಲ ಮಂದಾಕಿನಿ, ಅವಳು ನನ್ನ ಅಜ್ಜಿಯ ಅಜ್ಜಿಗೆ ತಾಯಿಯಾಗಲಿರುವವಳು. ಮೂವತ್ತಾರು ವರ್ಷದ ನರ್ಸು. ಪೋರ್ಚುಗಲ್ಲಿನಲ್ಲಿ ತಾನು ಮೆಚ್ಚಿದವನನ್ನು ಅಲ್ಲೇ ಮದುವೆಯಾಗುವುದಕ್ಕೆ ಬೇಕಾದ ಕಾಗದಪತ್ರ ಹೊಂದಿಸಲು ರಜೆ ಹಾಕಿ ಊರಿಗೆ ಬಂದಿದ್ದಾಳೆ. ಈ ಪತ್ರ ನಿಮಗೆ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂಟಪಾಲು ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ಬೇರೆಯವರು ತೀರಿಕೊಂಡ ತಾಯಿಗೋ ಗೆಳತಿಗೋ ಬರೆದು ಸಮಾಧಾನಪಟ್ಟುಕೊಳ್ಳುತ್ತಾರೆ. ನನ್ನದನ್ನು ನಿಮಗೆ ಖರ್ಚು ಮಾಡಬೇಕಾಗಿ ಬಂದದ್ದು ನನ್ನ ಕರ್ಮ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ರೆವಿನ್ಯೂ ಇನ್‌ಸ್ಪೆಕ್ಟರು ನಿಮ್ಮ ಜಗಲಿಗೆ ಬರುತ್ತಾರೆ. ಮಂದಾಕಿನಿಗೆ ಇದುವರೆಗೆ ಮದುವೆಯಾಗಿಲ್ಲ ಎಂದು ಸರ್ಟಿಫಿಕೇಟು ಕೊಡಬೇಕಾದರೆ ನೆರೆಹೊರೆಯವರ ಹೇಳಿಕೆ ಬರೆದುಕೊಂಡು ಮಹಜರು ಮಾಡಬೇಕು. ಆಗ ನೀವು ಆಡುವ ಮಾತು ಒಂದಕ್ಷರ ಬಿಡದೆ ನನ್ನ ಮುಂದಿದೆ: “ಅಯ್ಯೋ, ಯಾವಾಗ್ಲೋ ಆಯ್ತಲ್ಲ ಸ್ವಾಮಿ. ಒಳ್ಳೆ ಕಡೀಕೇ ಕೊಟ್ಟವ್ರೆ. ಒಂದ್ ಗಂಡ್ಮಗೂನೂ ಅದೆ.” ನಿಮ್ಮ ಹಿಂದೆಯೇ ನಾಲ್ವರು ಸಹಿ ಹಾಕುತ್ತಾರೆ. ಪುಟ್ಟತಾಯಮ್ಮ ಹೇಳಿದ ಮೇಲೆ ಇಲ್ಲ ಎನ್ನುವ ಎದೆ ಆ ಬೀದಿಯಲ್ಲಿ ಯಾರಿಗಿದೆ?

ನಿಮ್ಮ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಗೊತ್ತು. ಇದ್ದಿದ್ದರೆ ನಿಮ್ಮನ್ನು ಇಷ್ಟು ತಿರಸ್ಕರಿಸುತ್ತಿರಲಿಲ್ಲ. ಗುರುತಿಲ್ಲದ ಗಂಡಸಿನ ಮುಂದೆ, ಮೂವತ್ತಾರಾದರೂ ಎದುರುಮನೆ ಹುಡುಗಿಗೆ ಮದುವೆಯಿಲ್ಲ ಎಂದು ಹೇಳಿದರೆ ಆ ಮನೆಯ ಮಾನ ಹೋದಂತೆ ಎಂಬುದು ನಿಮ್ಮ ಬೀದಿಯ ಮರ್ಯಾದೆ. ಉಳಿಸಿದಿರಿ ಮಾನ. ಒಬ್ಬ ಗಂಡನನ್ನು ಕೊಟ್ಟಿರಿ, ಸಾಲದೆಂದು ಕೈಗೊಂದು ಕೂಸನ್ನೂ ಕೊಟ್ಟಿರಿ. ಎಂಥ ಧಾರಾಳಿ! ಅತ್ತ ಮಂದಾಕಿನಿ ಜನನ ಪತ್ರ, ಪೊಲೀಸರ ಪತ್ರ, ತಂದೆಯ ಮರಣ ಪತ್ರ, ಛಾಪಾ ಕಾಗದದ ಅಫಿಡವಿಟ್ಟು, ಎಲ್ಲದಕ್ಕೂ ಮೊಹರು, ಎಲ್ಲದಕ್ಕೂ ಪೋರ್ಚುಗೀಸ್ ಅನುವಾದ ಜೋಡಿಸಿ ಕೂತಿದ್ದಳು. ಅವೆಲ್ಲ ಆರು ತಿಂಗಳು ಮಾತ್ರ ನಡೆಯುವಂಥವು. ನಿಮ್ಮ ಮಾತನ್ನು ಸುಳ್ಳೆಂದು ತೋರಿಸಲು ಅವಳು ಅಲೆಯುತ್ತಿದ್ದಂತೆ ಒಂದೊಂದೇ ಅವಧಿ ಮುಗಿದು ರದ್ದಿಯಾದವು. ಎರಡು ವರ್ಷ ಕಳೆದ ಮೇಲೆ, ಪೋರ್ಚುಗಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ತಾನೇ ಪ್ರಮಾಣ ಮಾಡಿ ಮದುವೆಯಾದಳು. ಅವಳ ಮಗಳು ಈ ಬೀದಿಗೇ ಹಿಂದಿರುಗಿ ಬಂದಳು. ನಿಮ್ಮ ಮಹಜರು ಮಾತ್ರ ರದ್ದಾಗದೆ ಕಡತದಲ್ಲಿ ಬೆಚ್ಚಗೆ ಮಲಗಿತ್ತು.

ನಮ್ಮ ಕಾಲದವರು ನಿಮಗಿಂತ ಬುದ್ಧಿವಂತರು ಎಂದುಕೊಳ್ಳಬೇಡಿ. ನಾವು ಕಚೇರಿಗಳಲ್ಲಿ ಕ್ಯೂ ನಿಲ್ಲುವುದಿಲ್ಲ. ಕಿವಿಯೊಳಗೆ ಸರದಿಮಣಿ ಕೂರಿಸುತ್ತಾರೆ, ನಮ್ಮ ಸರದಿ ಬಂದಾಗ ಅದು ಬಡಿದುಕೊಳ್ಳುತ್ತದೆ. ನನ್ನದು ಹದಿನಾಲ್ಕು ತಿಂಗಳ ಮೇಲೆ, ತಲೆಗೆ ಸೀಗೆಪುಡಿ ಹಚ್ಚಿಕೊಂಡಿದ್ದಾಗ ಬಡಿಯಿತು. ಉತ್ತರಿಸುವುದು ಅರ್ಧ ನಿಮಿಷ ತಡವಾಯಿತೆಂದು ಮತ್ತೆ ಮೊದಲಿನಿಂದ ಕಾಯಿಸಿದರು. ಕಡಲ ಮೇಲಿನ ತೇಲುಪಟ್ಟಣದಲ್ಲಿರುವ ಆನ್ಸೆಲ್ಮು ಎಂಬಾತನನ್ನು ನಾನು ಮದುವೆಯಾಗಬೇಕು. ಅದಕ್ಕೆ ಆರುತಲೆ ಪತ್ರ ಬೇಕಂತೆ. ಎಂದರೆ, ನನ್ನ ಹಿಂದಿನ ಆರು ತಲೆಮಾರಿನಲ್ಲಿ ಒಂದು ಮದುವೆ ಮುಗಿಯದೆ ಇನ್ನೊಂದು ನಡೆದಿಲ್ಲ ಎಂಬ ರುಜುವಾತು. ಯಾತಕ್ಕೆ ಎಂದು ಕೇಳಿದೆ. “ಮೊದ್ಲಿಂದ್ಲೂ ಅದೆಯಲ್ಲಮ್ಮ” ಎಂದರು ಕಚೇರಿಯವರು. ಹಳೆಯ ಕಾಗದಗಳನ್ನೆಲ್ಲ ಓದಿ ಹೊಂದಿಸುವ ಕಡತಗಣ್ಣು ಎಂಬ ಯಂತ್ರ ನಿಮ್ಮ ಮಹಜರನ್ನು ಹೆಕ್ಕಿ ತೆಗೆದು ಮಂದಾಕಿನಿಯ ನಿಜವಾದ ಮದುವೆಯ ಪಕ್ಕದಲ್ಲಿಟ್ಟಿತು. ಮೊದಲನೆಯ ಗಂಡನ ವಿಚ್ಛೇದನ ಪತ್ರ ತನ್ನಿ, ಇಲ್ಲವೇ ಮರಣ ಪತ್ರ ತನ್ನಿ ಎಂದರು. ಅವನನ್ನು ಸಾಯಿಸಲೂ ಹೊರಟೆ. ಸಾಯಬೇಕಾದರೆ ಮೊದಲು ಜನನ ಪತ್ರ ಬೇಕಂತೆ. ಈಗ ಆ ಗಂಡುಮಗುವಿನ ಸಂತತಿಯನ್ನು ಹುಡುಕಿ ಅವರಿಂದ ಒಪ್ಪಿಗೆ ತರಬೇಕಂತೆ. ಇಲ್ಲದವನ ಮಕ್ಕಳನ್ನು ಹುಡುಕುತ್ತ ನನಗೆ ಮೂವತ್ತೊಂದು ತುಂಬಿತು. ಆನ್ಸೆಲ್ಮು ಈಚೆಗೆ ಏನೂ ಕೇಳುವುದಿಲ್ಲ. ಅವನು ಕೇಳುವುದನ್ನು ಬಿಟ್ಟದ್ದೇ ನನಗೆ ಹೆದರಿಕೆ.

ಇಷ್ಟೇ ಬರೆದು ಸಹಿ ಹಾಕುವವಳಿದ್ದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವಳು ಕಚೇರಿಯ ವಿಚಾರಣೆಯವಳು, ಕೈಯಲ್ಲಿ ಹೇಳಿಕೆ ಬರೆದುಕೊಳ್ಳುವ ಹಲಗೆ. ನೆರೆಯವರ ಹೇಳಿಕೆ ತೆಗೆದುಕೊಳ್ಳುವ ಪದ್ಧತಿ ಇನ್ನೂ ಸತ್ತಿಲ್ಲ ನೋಡಿ. ನಮ್ಮ ಎದುರುಮನೆಯ ಧೃತಿ ನಲವತ್ತರ ಹತ್ತಿರದವಳು. ಅವಳೂ ಕಡಲಾಚೆಯವನನ್ನು ಮದುವೆಯಾಗಲು ಅರ್ಜಿ ಹಾಕಿದ್ದಾಳಂತೆ. “ಇವರಿಗೆ ಹಿಂದೆ ಮದುವೆಯಾಗಿದೆಯೇ?” ಎಂದು ವಿಚಾರಣೆಯವಳು ಕೇಳಿದಳು. ಎದುರಿನ ಕಿಟಕಿಯಲ್ಲಿ ಧೃತಿಯ ತಾಯಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನನ್ನ ಮೇಜಿನ ಮೇಲೆ ಈ ಪತ್ರದ ಶಾಯಿ ಇನ್ನೂ ಆರಿರಲಿಲ್ಲ.

“ಯಾವಾಗ್ಲೋ ಆಯ್ತಲ್ಲ” ಎಂದೆ.

ನೀವು ಒಂದು ಮಗು ಕೊಟ್ಟಿದ್ದಿರಿ ಪುಟ್ಟತಾಯಮ್ಮನವರೇ. ನಾನು ಎರಡು ಕೊಟ್ಟೆ.

ವಿಚಾರಣೆಯವಳು ಇನ್ನೂ ಬೀದಿಯ ತುದಿ ದಾಟಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟಿದ್ದೇನೆ. ಧೃತಿಯ ತಾಯಿಯ ಎದುರಿಗೇ, ಬೀದಿಗೆಲ್ಲ ಕೇಳುವ ಹಾಗೆ, ಆಗಿಲ್ಲ ಎನ್ನುತ್ತೇನೆ. ಆಕೆ ಜನ್ಮದಲ್ಲಿ ನನ್ನನ್ನು ಮಾತಾಡಿಸದಿರಬಹುದು. ನನಗೆ ಕಾಲು ನಡುಗುತ್ತಿದೆ. ನಾಳೆ ಹನ್ನೊಂದಕ್ಕೆ ನಿಮಗೂ ನಡುಗಲಿ. ಆದರೂ ಆಗಿಲ್ಲ ಎನ್ನಿ.

ಇಂತಿ,
ನೀವು ಹೇಳುವ ಒಂದು ಮಾತಿಗೆ ಕಾದಿರುವ,
ಇಬ್ಬನಿ