ಮೋತ್ಯಾನನ್ನು ಕಟ್ಟಬೇಡ

ತಂಗಿ ಮಲಕವ್ವ,

ನೀನು ಏಳುವುದರೊಳಗೆ ನಾನು ತಿಕೋಟಾದ ಮೋಟಾರು ಹತ್ತಿರುತ್ತೇನೆ. ನಾಡಿದ್ದು ಬರುತ್ತೇನೆ.

ಇವತ್ತು ರಾತ್ರಿ ಮೋತ್ಯಾನನ್ನು ಹಿತ್ತಲಲ್ಲಿ ಕಟ್ಟಬೇಡ. ನಾಯಿ ಅತ್ತರೆ ಮನೆಗೆ ಸಾವು ಬರುತ್ತದೆಂದು ಚಿಗವ್ವ ದೂರ ಕಟ್ಟಿಸಿದಳು. ದೂರ ಕಟ್ಟಿದ್ದಕ್ಕೇ ಅದರ ಅಳು ಹೆಚ್ಚಾಗಿದೆ. ನಿನ್ನೆ ಹಗ್ಗ ಬಿಚ್ಚಿ ನೋಡಿದೆ. ಎಲ್ಲಿಗೂ ಓಡಲಿಲ್ಲ. ಅಜ್ಜಿಯ ಕೋಣೆಯ ಬಾಗಿಲಿಗೆ ಮೂಗು ಹಚ್ಚಿ ಮಲಗಿತು, ಬೆಳಗಿನವರೆಗೆ ಸದ್ದಿಲ್ಲ. ಅಜ್ಜಿ ಜ್ವರ ಬಂದು ಒಳಗೆ ಮಲಗುವ ತನಕ ಅದು ಮಲಗುತ್ತಿದ್ದದ್ದು ಅವಳ ಹೊರಸಿನ ಕೆಳಗೇ ಅಲ್ಲವೇ?

ಅದನ್ನು ಒಳಗೆ ಬಿಡು. ಅಜ್ಜಿಯ ಹಳೆಯ ಕೌದಿಯನ್ನು ಹೊರಸಿನ ಕೆಳಗೆ ಹಾಸು. ಒಗೆಯಬೇಡ, ಅವಳ ವಾಸನೆ ಅದರಲ್ಲಿರಬೇಕು. ಹಾಲಿನಲ್ಲಿ ರೊಟ್ಟಿ ನೆನೆಸಿ ಹಾಕು, ಹಸಿದರೂ ಅಳುತ್ತದೆ. ಅಳು ನಿಲ್ಲಲೆಂದು ಚಿಗವ್ವ ಚಪ್ಪಲಿ ಬೋರಲು ಹಾಕಿದರೆ ಹಾಕಲಿ, ವಾದಕ್ಕಿಳಿಯಬೇಡ. ನಾನು ಇಳಿದು ಸೋತಿದ್ದೇನೆ. “ಕಾಲೇಜಿನ್ಯಾಗ ನಾಯಿ ಮಾತೂ ಕಲಿಸ್ಯಾರೇನೋ ನಿನಗ?” ಅಂದಳು.

ನನಗೆ ಅಜ್ಜಿಯದೇ ಚಿಂತೆ. ಜ್ವರ ಇಳಿದಿದೆ. ಆದರೂ ನಾಯಿಯ ಅಳು ಕೇಳಿ, “ಕರಕೊಂಡ ಹೋಗಾಕ ಬಂದಾರ, ಇನ್ನ ಗಂಜಿ ಯಾಕವ್ವಾ ನನಗ” ಎಂದು ಮೊನ್ನೆಯಿಂದ ಬಟ್ಟಲು ಸರಿಸುತ್ತಿದ್ದಾಳೆ. ಹೀಗೇ ಉಪವಾಸ ಬಿದ್ದರೆ ಉಳಿಯುವುದು ಕಷ್ಟ.

ಮೋತ್ಯಾ ಒಳಗೆ ಬಂದ ಮೇಲೆ ಅವಳ ಕೈಯನ್ನು ಹೊರಸಿನಿಂದ ಮೆಲ್ಲಗೆ ಕೆಳಗೆ ಇಳಿಬಿಡು. ಅದು ನೆಕ್ಕುತ್ತದೆ. ಇಷ್ಟು ದಿನ ಅವಳನ್ನು ಕರೆಯುತ್ತಿದ್ದದ್ದು ಯಾರೆಂದು ಆಗ ಹೇಳು. ಆಮೇಲೆ ಗಂಜಿ ಕೊಡು, ಬಿಸಿಯಾಗಿ.

ನಿನ್ನ ಅಣ್ಣ
ಅಮೋಘಿ