ಡೆಲ್ಬರ್ಟನ ನೀರಿನ ಚೀಲ

ಫೆಬ್ರವರಿ 18, ಮಂಗಳವಾರ

ನಮ್ಮ ಮನೆಗಾಡಿಯ ನೀರಿನ ಟ್ಯಾಂಕಿಗೆ ಬ್ಲೀಚ್ ಹಾಕುವ ದಿನ. ಬಕೆಟ್ ನೀರಿನಲ್ಲಿ ಅಳತೆಗೆ ಬೆರೆಸಿ ಹೊಯ್ದೆ. ಒಂದೊಂದೇ ನಲ್ಲಿ ತಿರುಗಿಸಿ, ವಾಸನೆ ಬರುವ ತನಕ ಬಿಟ್ಟೆ. ಅಡುಗೆಮನೆ, ಬಾತ್‌ರೂಮ್, ಷವರ್. ಬಿಸಿನೀರಿನದು ಬೇರೆ. ಇನ್ನು ನಾಳೆ ಬೆಳಿಗ್ಗೆವರೆಗೆ ಮುಟ್ಟುವ ಹಾಗಿಲ್ಲ.

ಹಾಲಿಸ್ ಮೂಗು ಮುಚ್ಚಿಕೊಂಡು, "ಈಜುಕೊಳದಲ್ಲಿ ಸಂಸಾರ ಮಾಡಿದ ಹಾಗಿದೆ ಕಣೇ" ಅಂದ. ಅನ್ನಲಿ. ಅವನ ತಂಗಿಯ ಕಿಡ್ನಿ ಅವನೊಳಗೆ ಬಂದು ನಾಲ್ಕು ವರ್ಷ. ಮೈ ಅದನ್ನು ಹೊರಗೆ ತಳ್ಳದಿರಲಿ ಎಂದು ನುಂಗುವ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸಿಬಿಟ್ಟಿವೆ. ಮಾತ್ರೆ ತಪ್ಪಿಸಬೇಡಿ, ನೀರಿನ ಬಗ್ಗೆ ಹುಷಾರು ಎಂದಿದ್ದಾರೆ ಡಾಕ್ಟರು. ಮಾತ್ರೆ ಅವನ ಪಾಲು. ನೀರು ನನ್ನ ಪಾಲು.

ಇಲ್ಲಿ ಯಾರಿಗೂ ಈ ಕಿಡ್ನಿಯ ಸುದ್ದಿ ಗೊತ್ತಿಲ್ಲ. ಗೊತ್ತಾಗಕೂಡದು ಅಂತ ಅವನ ಹಟ. "ಊರಲ್ಲಿ ಎಲ್ಲರಿಗೂ ನಾನು ರೋಗಿ. ಈ ಮರುಭೂಮೀಲಾದ್ರೂ ಬರೀ ಹಾಲಿಸ್ ಆಗಿರ್ತೀನಿ, ಬಿಡೇ."

ಬಿಟ್ಟಿದ್ದೇನೆ.

ಫೆಬ್ರವರಿ 19

ಟ್ಯಾಂಕ್ ಪೂರ್ತಿ ಖಾಲಿ ಮಾಡಿದೆ. ಬ್ಲೀಚ್ ನೀರು ಗಾಡಿಯ ಅಡಿಯಿಂದ ಮರಳಿಗೆ ಹರಿಯಿತು. ಅಷ್ಟಕ್ಕೇ ಸುತ್ತಲಿನ ಗಾಡಿಗಳ ಬಾಗಿಲೆಲ್ಲ ತೆರೆದವು. ಅರಿಜೋನದ ಈ ಬಯಲಿನಲ್ಲಿ ಚಳಿಗಾಲ ಕಳೆಯಲು ಬಂದವರು ಗಂಡನನ್ನು ಬಿಟ್ಟರೂ ಬಿಟ್ಟಾರು, ನೀರು ಚೆಲ್ಲರು.

ಪಕ್ಕದ ಡೆಲ್ಬರ್ಟ್ ಸೊಂಟಕ್ಕೆ ಕೈಯಿಟ್ಟು ನಿಂತ. ಮೊಂಟಾನದವನು, ಒಂಟಿ ಮನುಷ್ಯ, ಮೂರು ಚಳಿಗಾಲದಿಂದ ನೆರೆಯವನು. ಅವನ ಪಿಕಪ್ಪಿನ ಹಿಂಬದಿಯಲ್ಲಿ ಎಮ್ಮೆ ಮಲಗಿದ ಹಾಗೆ ಒಂದು ಕರಿ ರಬ್ಬರ್ ಚೀಲ. ಪಟ್ಟಣದ ನಲ್ಲಿಯಿಂದ ಅದರಲ್ಲಿ ನೀರು ತಂದು, ಗಾಡಿ ಎಬ್ಬಿಸಿ ಪಟ್ಟಣಕ್ಕೆ ಒಯ್ಯಲಾರದವರಿಗೆಲ್ಲ ಹಂಚುತ್ತಾನೆ. ಕಾಸು ಮುಟ್ಟುವುದಿಲ್ಲ. ಒಂದು ಕಾಫಿ ಕೊಟ್ಟರೆ ಸಾಕು.

"ಐಲೀನ್, ಆ ನೀರಲ್ಲಿ ನೆಟ್ಟಿ ಒಂದು ವಾರ ಸಂಸಾರ ಮಾಡ್ತಿದ್ಲು. ನನ್ನ ಚೀಲ ನೋಡಿ — ನವೆಂಬರಿನಿಂದ ಒಂದ್ಸಲಾನೂ ಪೂರ್ತಿ ಬರಿದಾಗಿಲ್ಲ. ಉಳಿದದ್ರ ಮೇಲೇ ತುಂಬ್ಸೋದು. ಒಂದು ಹನಿ ಚೆಲ್ಲಿಲ್ಲ!"

ಎದುರಿನ ಪುಟ್ಟ ಟ್ರೇಲರಿನ ನೆಟ್ಟಿ ಅಜ್ಜಿ, ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡೇ, "ಗಂಡನ್ನೂ ಹೀಗೇ ತೊಳ್ದು ಒಣಗ್ಹಾಕ್ತೀಯೇನೇ?" ಅಂದಳು. ಎಲ್ಲರೂ ನಕ್ಕರು. ಹಾಲಿಸ್ ಕೂಡ! ಮುಖ ಸುಟ್ಟ ಹಾಗಾಯಿತು.

ಆಮೇಲೆ ಹೋಗಿ ಆ ಚೀಲ ಮುಟ್ಟಿ ನೋಡಿದೆ. ಬಿಸಿಲಿಗೆ ಬೆಚ್ಚಗಿತ್ತು. ಒಳಗೆ ತಿಂಗಳುಗಟ್ಟಲೆಯ ಹಳೇ ನೀರು. ಹಾಲಿಸ್‌ಗೆ ಹೇಳಿದೆ: ಸತ್ತರೂ ಅದರ ನೀರು ನಮ್ಮ ಟ್ಯಾಂಕಿಗೆ ಬೇಡ. "ಆಯ್ತು ಮಾತಾಯಿ" ಅಂದ.

ಫೆಬ್ರವರಿ 20

ಚಿಕ್ಕ ಕಾರಿನಲ್ಲಿ ಪಟ್ಟಣಕ್ಕೆ — ಬಟ್ಟೆ ಒಗೆಯಲು, ಅವನ ಮಾತ್ರೆ ತರಲು. ನಾಳೆ ಗಾಡಿಯನ್ನೇ ಕೊಂಡೊಯ್ದು ನೀರು ತುಂಬಿಸುವುದು ಅಂತಿತ್ತು. ವಾಪಸು ಬಂದರೆ ಗೇಜ್ ಟ್ಯಾಂಕ್ ತುಂಬಿದೆ ಅನ್ನುತ್ತಿದೆ!

"ನಾನೇ ಹೋಗಿ ತುಂಬ್ಸಿಕೊಂಡು ಬಂದೆ" ಅಂದ. "ನೀನೊಬ್ಳೇ ಎಷ್ಟು ಅಂತ ಒದ್ದಾಡ್ತೀಯ?"

ಗಾಡಿ ಸಮನಾಗಿ ನಿಲ್ಲಲೆಂದು ಚಕ್ರದಡಿ ಇಟ್ಟ ಹಲಗೆಗಳು ನಿನ್ನೆ ಇದ್ದಲ್ಲೇ ಇದ್ದವು. ಎತ್ತಿ ಮತ್ತೆ ಅಷ್ಟೇ ಅಚ್ಚುಕಟ್ಟಾಗಿ ಇಟ್ಟನೆ? ಕೇಳಬೇಕೆನಿಸಿತು, ಕೇಳಲಿಲ್ಲ. ಎಷ್ಟೋ ದಿನದ ಮೇಲೆ ನನಗಾಗಿ ಒಂದು ಕೆಲಸ ಮಾಡಿದ್ದಾನೆ. ಖುಷಿಯಾಯಿತು. ನಿಜವಾಗಿ ಖುಷಿಯಾಯಿತು.

ಬಿಸಿನೀರಿನಲ್ಲಿ ಹಾಡುತ್ತಾ ಸ್ನಾನ ಮಾಡಿದ. ಬಾಗಿಲ ಸಂದಿನಿಂದ ಹಬೆ ಬಂದು ಕನ್ನಡಕವೆಲ್ಲ ಮಂಜು.

ಫೆಬ್ರವರಿ 24

ಸೆಕೆ. ಹಾಲಿಸ್ ಡೆಲ್ಬರ್ಟ್ ಜೊತೆ ಲಾಳ ಎಸೆಯುವ ಆಟ ಆಡಿ, ಬೆವರಿ, ಇನ್ನೊಂದು ಸ್ನಾನ. ಕುಡಿಯಲು ಕ್ಯಾನಿನ ನೀರೇ ಕೊಡುತ್ತೇನೆ. ಆದರೂ ಪಾತ್ರೆ ತೊಳೆಯುವಾಗ ರಬ್ಬರ್ ವಾಸನೆ. ಫಿಲ್ಟರ್ ಬದಲಿಸಿದೆ. ಹೋಗಲಿಲ್ಲ.

"ಬ್ಲೀಚ್ ಇಲ್ಲದ್ದೆಲ್ಲ ನಿನಗೆ ನಾತವೇ" ಅಂದ. ಮುಖ ನೋಡಿ ಹೇಳಲಿಲ್ಲ.

ಫೆಬ್ರವರಿ 26

ಡೆಲ್ಬರ್ಟ್ ಕಾಫಿಗೆ ಬಂದ. ಒಂದು ಗುಟುಕು ಕುಡಿದು, ಹಲ್ಲು ಕಿರಿದು, "ಮತ್ತೆ, ನನ್ನ ನೀರು ಹೇಗಿದೆ ಐಲೀನ್? ಏನೂ ಆಗ್ಲಿಲ್ಲ ತಾನೇ?"

ಹಾಲಿಸ್ ಕಿಟಕಿಯ ಕಡೆ ತಿರುಗಿಬಿಟ್ಟ.

ಡೆಲ್ಬರ್ಟ್ ಹೋಗುವ ತನಕ ತಡೆದುಕೊಂಡೆ. ಆಮೇಲೆ ಕೂಗಾಡಿದೆ, ಇಡೀ ಬಯಲಿಗೆ ಕೇಳಿಸಿರಬೇಕು. ಹಾಲಿಸ್ ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದ.

"ಅವನೇ ಪೈಪ್ ಹಿಡ್ಕೊಂಡು ಬಂದ ಕಣೇ. ಬೇಡ ಅಂದ್ರೆ ಯಾಕೆ ಅಂತಾನೆ. ಯಾಕೆ ಅಂತ ಹೇಳೋಕೆ ನನ್ನ ಕೈಲಾಗ್ಲಿಲ್ಲ."

"ನಾಚಿಕೆಗೆ ಹೆದರಿ ಜೀವ ಕೊಡ್ತೀಯೇನೋ?"

"ಬರೀ ಸ್ನಾನಕ್ಕೆ ತಾನೆ... ಕುಡಿದಿಲ್ವಲ್ಲ."

ಅಷ್ಟೂ ನೀರು ಹೊರಗೆ ಬಿಟ್ಟೆ. ಎರಡು ಪಾಲು ಬ್ಲೀಚ್ ಹಾಕಿದೆ. ಡೆಲ್ಬರ್ಟ್ ತನ್ನ ಮೆಟ್ಟಿಲಲ್ಲಿ ನಿಂತು ನೋಡಿ ಒಳಗೆ ಹೋದ. ಪಾಪ, ಅವನಿಗೆ ನೋವಾಯಿತು. ಆಗಲಿ. ಟ್ಯಾಂಕಿನದು ಹೊರಗೆ ಹೋಯಿತು. ಹಾಲಿಸ್‌ನ ಮೈಯೊಳಗೆ ಹೋದದ್ದನ್ನು ಎಲ್ಲಿಂದ ಬಿಡಲಿ? ಹೆದರಿಕೆ ಆಗುತ್ತಿದೆ.

ಫೆಬ್ರವರಿ 27

ಕೆಮ್ಮು. ಧೂಳು ಅಂತಾನೆ.

ಫೆಬ್ರವರಿ 28, ಮಧ್ಯಾಹ್ನ

ಜ್ವರ ನೂರಾಮೂರು. ತಿಂಡಿ ಮುಟ್ಟಿಲ್ಲ. ಊರುಗೋಲಿಲ್ಲದೆ ನಡೆಯುತ್ತಿದ್ದವನು ಬಾತ್‌ರೂಮಿಗೆ ಗೋಡೆ ಹಿಡಿದು ಹೋದ. ನನ್ನನ್ನು ಅವನ ತಂಗಿಯ ಹೆಸರಿನಿಂದ ಕರೆದ. ಇನ್ನು ಅವನ ಮಾತು ಕೇಳುವುದಿಲ್ಲ. ಕಾರಿಗೆ ಕೂರಿಸುತ್ತೇನೆ. ಫೀನಿಕ್ಸ್‌ಗೆ.

ಮಾರ್ಚ್ 1

ಆಸ್ಪತ್ರೆ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗಾಗಿವೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನೇರವಾಗಿ ಕೇಳಿದಳು, "ನೀವು ಸ್ನಾನಕ್ಕೆ ನೀರು ಎಲ್ಲಿಂದ ತರ್ತೀರಿ?" ಎಲ್ಲ ಹೇಳಿದೆ. ಬೆಚ್ಚಗೆ ನಿಂತ ನೀರಿನಲ್ಲಿ ಬೆಳೆಯುವ ಕ್ರಿಮಿಯಂತೆ. ಕುಡಿಯುವುದೇ ಬೇಡ, ಷವರಿನ ಹನಿ ಉಸಿರಿಗೆ ಸೇರಿದರೆ ಸಾಕು. ಗಟ್ಟಿಮುಟ್ಟಾದವರಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ವಯಸ್ಸಾದವರಿಗೆ, ಎದೆ ರೋಗದವರಿಗೆ, ಇವನಂಥವರಿಗೆ...

ಬಾಯಿಗೆ ಉಸಿರಾಟದ ಯಂತ್ರದ ಕೊಳವೆ ಹಾಕುವ ಮುಂಚೆ ಐದು ನಿಮಿಷ ನನ್ನನ್ನು ಒಳಗೆ ಬಿಟ್ಟರು. ಏನೇನೋ ಹೇಳಬೇಕೆಂದಿದ್ದೆ. ಅವನೇ ಮಾತಾಡಿದ.

"ಡೆಲ್‌ಗೆ ಹೇಳ್ಬೇಡ. ಸತ್ತೇ ಹೋಗ್ತಾನೆ ಅವ್ನು. ಆಣೆ ಮಾಡು."

ಆಣೆ ಮಾಡಿದೆ. ಆ ಹೊತ್ತಿನಲ್ಲಿ ಏನು ಕೇಳಿದ್ದರೂ ಮಾಡುತ್ತಿದ್ದೆ.

ಮಾರ್ಚ್ 7

ಹಾಲಿಸ್ ಹೋದ. ನಿನ್ನೆ ಬೆಳಿಗ್ಗೆ.

ಮುಂದೆ ಬರೆಯಲಾರೆ.

ಮಾರ್ಚ್ 8, ಬೆಳಿಗ್ಗೆ

ಅವನಿಗೆ ತೊಡಿಸುವ ಬಟ್ಟೆಗೆ ಗಾಡಿಗೆ ಬಂದೆ. ಸೂಟು ಗೀಟು ನಮ್ಮ ಹತ್ತಿರ ಎಲ್ಲಿದೆ? ನೀಲಿ ಅಂಗಿ ತೆಗೆದೆ. ಕಾಲರಿನಲ್ಲಿ ಇನ್ನೂ ಅವನ ವಾಸನೆ. ಅದಕ್ಕೆ ಮುಖ ಒತ್ತಿ ಕೂತುಬಿಟ್ಟೆ. ಅವನ ಮೇಲೆ ಎಷ್ಟು ಸಿಟ್ಟಿದೆ ನನಗೆ! ಅಯ್ಯೋ, ಎಷ್ಟು ಸಿಟ್ಟಿದೆ.

ಡೆಲ್ಬರ್ಟ್ ಕಿಟಕಿ ತಟ್ಟಿದ. ಟೋಪಿ ಕೈಯಲ್ಲಿ.

"ಐಲೀನ್, ಹಾಲಿಸ್ ಹೇಗಿದಾನೆ? ಒಂದು ಫೋನೂ ಇಲ್ಲ ನಿಮ್ದು..."

ಹೇಳಿದೆ. ಗಾಡಿಗೆ ಒರಗಿ ನಿಂತು ಮಗುವಿನ ಹಾಗೆ ಅತ್ತ. ನನ್ನನ್ನು ತಬ್ಬಿಕೊಂಡ. ನಾನು ಕೊರಡಿನ ಹಾಗೆ ನಿಂತಿದ್ದೆ. "ಏನಾಗಿತ್ತು ಅವನಿಗೆ?" ಅಂದ. ನ್ಯುಮೋನಿಯ ಅಂದೆ. ಅಷ್ಟೇ ಅಂದೆ. ಆಣೆ ಅಡ್ಡ ಬಂತು.

ಕಣ್ಣೊರೆಸಿಕೊಂಡು, "ಕೂತ್ಕೊಳ್ಳಿ, ನೀವೇನೂ ಮಾಡ್ಬೇಡಿ. ನೆಟ್ಟೀದು ಖಾಲಿಯಾಗಿದೆಯಂತೆ, ಅವಳಿಗೆ ತುಂಬ್ಸಿ ನಿಮ್ಮ ಟ್ಯಾಂಕಿಗೂ ಹಾಕ್ತೀನಿ" ಅಂತ ಹೋದ.

ಕಿಟಕಿಯಿಂದ ಕಾಣುತ್ತಿದೆ. ಪಿಕಪ್ಪನ್ನು ಅವಳ ಟ್ರೇಲರಿನ ಪಕ್ಕಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿದ್ದಾನೆ. ನೆಟ್ಟಿ ಕುರ್ಚಿಯಲ್ಲಿ ಕೂತು ಕೆಮ್ಮುತ್ತಾ ಅವನಿಗೆ ಏನೋ ತಮಾಷೆ ಹೇಳುತ್ತಿದ್ದಾಳೆ. ಅವನು ನಗುತ್ತಿಲ್ಲ. ಹಾಲಿಸ್‌ಗಾಗಿ ಅಳುತ್ತಲೇ ಪೈಪ್ ಬಿಚ್ಚುತ್ತಿದ್ದಾನೆ.

ಹೇಳಿದರೆ ಈ ಮನುಷ್ಯ ಮುರಿದುಹೋಗುತ್ತಾನೆ. ಹೇಳದಿದ್ದರೆ ಆ ಮುದುಕಿ.

ನೀನು ನಾಚಿಕೆಗೆ ಸುಮ್ಮನಿದ್ದೆ ಹಾಲಿಸ್. ನಾನು ಆಣೆಗೆ ಸುಮ್ಮನಿರಲೇ? ಇಲ್ಲ ಕಣೋ. ಬೈಕೋ. ಬಾಗಿಲಿನವರೆಗೆ ಹೋಗಿ ಮತ್ತೆ ಬಂದು ಕೂತಿದ್ದೇನೆ, ಮೊದಲ ಮಾತು ಏನು ಅಂತ ಬರೆದುಕೊಂಡಾದರೂ — ಡೆಲ್, ನಿಲ್ಲಿಸಿ, ಆ ನೀರು —

ಪಂಪ್ ಶುರುವಾಯಿ —