ಮೊದಲು ಚಿತ್ರವೇ ತೆರೆಯುತ್ತದೆ

ಅಕ್ಕಾ,

ಸತ್ತವರಿಗೆ ಕಾಗದ ಬರೆಯುವಷ್ಟು ಇವಳ ತಲೆ ಕೆಟ್ಟಿತೇ ಎಂದು ನಗಬೇಡ. ಕೆಡಿಸಿದವಳು ನೀನೇ.

ಆಸ್ಪತ್ರೆಯಲ್ಲಿ ನರ್ಸ್‌ಗಳ ಮೇಜಿನ ಕಂಪ್ಯೂಟರಿನಲ್ಲಿ ಕಾಣುವ ಆ ಪರದೆಯನ್ನು ನಮ್ಮ ಆಫೀಸಿನಲ್ಲಿ ನಾವಿಬ್ಬರೂ ಸೇರಿ ಮಾಡಿದ್ದು. ವಾರ್ಡಿನ ಒಂದೊಂದು ಹಾಸಿಗೆಗೂ ಒಂದೊಂದು ಚೌಕ. ನೀನು ಚಿತ್ರ ಬಿಡಿಸುತ್ತಿದ್ದೆ, ನಾನು ಕೋಡ್ ಬರೆಯುತ್ತಿದ್ದೆ. ಫೈಲ್ ಮಾತ್ರ ಒಂದೇ. ಅದನ್ನು ತೆರೆದಾಗ ಚಿತ್ರ ತೋರಿಸಬೇಕೋ ಕೋಡ್ ತೋರಿಸಬೇಕೋ ಎಂದು ನಮ್ಮ ಸಾಫ್ಟ್‌ವೇರ್ ತಾನೇ ತೀರ್ಮಾನಿಸುತ್ತದೆ. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ನೀನು ಬಿಡಿಸಿದ ಪರದೆಯ ಭಾಗವಿದ್ದರೆ ಚಿತ್ರ, ಬೇರೇನಿದ್ದರೂ ಬರೀ ಕೋಡ್. ನಾನೋ ಸೋಮಾರಿ, ನನ್ನ ಚಿಲ್ಲರೆ ಕೋಡ್ ತುಂಡುಗಳನ್ನೆಲ್ಲ ಮೇಲೆಯೇ ತುರುಕುತ್ತಿದ್ದೆ. "ನಿನ್ನ ಗಂಟುಮೂಟೆ ಎಲ್ಲಾ ಕೆಳಗಿಡೇ, ನನ್ನ ಚಿತ್ರ ತೆರ್ಕೊಳ್ತಾನೇ ಇಲ್ಲ" ಎಂದು ನೀನು ರೇಗುತ್ತಿದ್ದೆ.

ನೀನು ಹೋದ ಮೇಲೆ ಬೇಕೆಂದೇ ಒಂದು ಖಾಲಿ ತುಂಡನ್ನು ಮೇಲಿಟ್ಟೆ. ನೀನು ಬಿಡಿಸಿದ್ದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಅಮ್ಮನನ್ನು ಅದೇ ವಾರ್ಡಿಗೆ ಸೇರಿಸಿದ ಮರುದಿನ ಬೆಳಿಗ್ಗೆ ಫೈಲ್ ತೆರೆದರೆ ಚಿತ್ರ ಬಂತು. ನನ್ನ ತುಂಡು ಕೆಳಗೆ ಹೋಗಿತ್ತು. ಕಂಪ್ಯೂಟರ್ ನನ್ನದು, ಪಾಸ್‌ವರ್ಡ್ ನನ್ನದು. ನಾನೇ ಏನೋ ಎಡವಟ್ಟು ಮಾಡಿರಬೇಕೆಂದು ಮತ್ತೆ ಮೇಲಿಟ್ಟೆ. ಮಾರನೆಯ ಬೆಳಿಗ್ಗೆಯೂ ಚಿತ್ರವೇ. ಆಗ ಕಣ್ಣಿಗೆ ಬಿತ್ತು: ಕಿಟಕಿ ಪಕ್ಕದ ಹಾಸಿಗೆಯ ಚೌಕ, ಅಮ್ಮನದು, ಜಾಗ ಬಿಟ್ಟು ಸರಿದಿತ್ತು.

ಬೇಡವಾದ ಚೌಕವನ್ನು ನೀನು ಥಟ್ಟನೆ ಅಳಿಸುತ್ತಿರಲಿಲ್ಲ. ವಾರ್ಡಿನ ಗೋಡೆಯ ಆಚೆ, ಕೆಳಗಿನ ಮೂಲೆಗೆ ಎಳೆದಿಡುತ್ತಿದ್ದೆ. "ಸ್ವಲ್ಪ ಹೊತ್ತು ಅಲ್ಲೇ ಇರ್ಲಿ, ಆಮೇಲೆ ತೆಗೆಯೋಣ" ಎನ್ನುತ್ತಿದ್ದೆ. ಅಮ್ಮನ ಚೌಕ ಹೊರಟಿದ್ದು ಆ ಮೂಲೆಗೇ. ಆಫೀಸಿಗೆ ಬಂದೊಡನೆ ನಾನು ಅದನ್ನು ಕಿಟಕಿಯ ಪಕ್ಕಕ್ಕೆ ಎಳೆದು ತರುವುದು, ಮರುದಿನ ನೋಡಿದರೆ ಅದು ಇನ್ನಷ್ಟು ದೂರ ಹೋಗಿರುವುದು, ಇದೇ ಆಯಿತು. ಪಕ್ಕದ ಮೇಜಿನವನಿಗೆ ಹೇಳಿದರೆ, "ಮೌಸ್ ಕೆಟ್ಟಿರ್ಬೇಕು, ಬೇರೆ ತಗೊಳ್ಳಿ" ಎಂದ. ತಗೊಂಡೆ.

ನಿನ್ನೆ ಚೌಕ ಗೋಡೆ ದಾಟಿತ್ತು. ನನಗೆ ಎಂಥ ಸಿಟ್ಟು ಬಂತೆಂದರೆ ನಿನ್ನ ಖಾಲಿ ಕುರ್ಚಿಯನ್ನು ಒದ್ದುಬಿಟ್ಟೆ. ನೀನಂತೂ ಹೋದೆ, ಅಮ್ಮನನ್ನೂ ಕರೆದುಕೊಂಡರೆ ನನಗ್ಯಾರಿದ್ದಾರೆ? ಚೌಕವನ್ನು ಮತ್ತೆ ಒಳಗೆಳೆದು ಆಸ್ಪತ್ರೆಗೆ ಓಡಿದೆ. ಹೇಳಬಾರದೆಂದುಕೊಂಡೇ ಅಮ್ಮನಿಗೆ ಎಲ್ಲ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಆಕ್ಸಿಜನ್ ಮಾಸ್ಕ್ ಸರಿಸಿ, ನನ್ನ ಕೈ ಹಿಡಿದುಕೊಂಡು ಕೇಳಿದಳು: "ದಿನಾ ವಾಪಸ್ ಎಳೀತಿರೋದು ನೀನೇನಾ? ಅದಕ್ಕೇ ಕಣೇ, ಬೆಳಗಾದ್ರೆ ಸಾಕು, ಮೈಯೆಲ್ಲಾ ಹಾಗೆ ನೋಯ್ತಿತ್ತು."

ಅಕ್ಕಾ, ನನಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಚೌಕ ನಿನ್ನ ಮೂಲೆಯ ಹತ್ತಿರ ಬಂದಿದೆ. ನಾನು ಮುಟ್ಟಿಲ್ಲ. ಮೇಲಿಟ್ಟಿದ್ದ ನನ್ನ ತುಂಡನ್ನು ಅಳಿಸಿಹಾಕಿದ್ದೇನೆ. ನಿನಗೆ ಇನ್ನು ಅಡ್ಡಿಯಿಲ್ಲ. ಮೆಲ್ಲಗೆ ಕರೆದುಕೊಂಡು ಹೋಗು. ಎಡಮಗ್ಗುಲಾದರೆ ಮಾತ್ರ ಅವಳಿಗೆ ನಿದ್ದೆ ಬರುತ್ತದೆ, ನೆನಪಿಟ್ಟುಕೋ.

ಇಬ್ಬರೂ ತಣ್ಣಗಿರಿ. ನನ್ನ ತಂಟೆಗೆ ಮಾತ್ರ ಸದ್ಯಕ್ಕೆ ಬರಬೇಡ.

ಇಲ್ಲಿ ಒಬ್ಬಳೇ ಉಳಿಯುವ,
ನಿನ್ನ ತಂಗಿ